ಚುಕ್ಕಿಯ ಕುರ್ಚಿ

ಕುರ್ಚಿಯ ಮೇಲೆ ಕೂರುವ ಮುಂಚೆ ಅದನ್ನೊಮ್ಮೆ ಕೈಯಿಂದ ತಡವಿ ನೋಡುವ ಅಭ್ಯಾಸ ನನಗಿದೆ. ಕೈ ಹಿಂದಕ್ಕೆ ಚಾಚಿ, ಒಂದು ಸುತ್ತು ಅಂಗೈ ಆಡಿಸಿ, ಏನೂ ತಗಲಲಿಲ್ಲವೆಂದರೆ ಮಾತ್ರ ಕೂರುತ್ತೇನೆ. ಹೋದ ತಿಂಗಳು ದೇವನಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗಲೂ ಹೀಗೇ ಮಾಡಿದೆ. ಹೊಚ್ಚ ಹೊಸ ಸೋಫಾ, ಮೇಲಿನ ಪ್ಲಾಸ್ಟಿಕ್ ಕವರನ್ನು ಕೂಡ ಇನ್ನೂ ತೆಗೆದಿರಲಿಲ್ಲ. ಮನೆಯಾಕೆ ನೋಡಿಬಿಟ್ಟರು. ಮುಖ ಸಣ್ಣಗೆ ಮಾಡಿಕೊಂಡು, "ಬೆಳಿಗ್ಗೆನೇ ಒರೆಸಿದೀವಿ, ಧೂಳೇನೂ ಇಲ್ಲ, ಕೂತ್ಕೊಳ್ಳಿ" ಅಂದರು. ನಾನು ನೋಡಿದ್ದು ಧೂಳಿಗಲ್ಲ, ನಾಯಿಗೆ ಅಂತ ಹೇಳಬಹುದಿತ್ತು. ಆದರೆ ಅವರ ಮನೆಯಲ್ಲಿ ನಾಯಿಯೇ ಇಲ್ಲ. ನಮ್ಮ ಮನೆಯಲ್ಲೂ ಈಗ ಇಲ್ಲ. ನನ್ನ ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಾನು ಡಾಕ್ಟರು. ಹೆಸರಿನ ಮುಂದೆ ಉದ್ದುದ್ದ ಅಕ್ಷರಗಳಿರುವ ದೊಡ್ಡ ಡಾಕ್ಟರೇನಲ್ಲ. ನೆಗಡಿ, ಜ್ವರ, ಬಿಪಿ, ಶುಗರ್ ನೋಡುವ ಡಾಕ್ಟರು. ದೊಡ್ಡಬಳ್ಳಾಪುರದಿಂದ ಬಾಶೆಟ್ಟಿಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದಿನ ಎರಡು ಕೋಣೆ ಕ್ಲಿನಿಕ್ಕು, ಹಿಂದಿನದೆಲ್ಲ ಸಂಸಾರ. ಪಕ್ಕದ ಬೀದಿಯಲ್ಲಿ ಮಗ್ಗದ ಮನೆಗಳಿರುವುದರಿಂದ ಬೆಳಗಿನಿಂದ ಖಟಖಟ ಖಟಖಟ ಅನ್ನುತ್ತಲೇ ಇರುತ್ತದೆ. ಆ ಸದ್ದು ನಮಗೆ ಕೇಳಿಸುವುದೇ ಇಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ ಕಾಯುತ್ತ ಕೂತ ಪೇಷಂಟುಗಳೆಲ್ಲ ಒಟ್ಟಿಗೆ ತಲೆ ಎತ್ತಿ, ಏನೋ ಆಯಿತು ಎಂಬಂತೆ ಒಬ್ಬರನ್ನೊಬ್ಬರು ನೋಡುತ್ತಾರೆ. ಅವರ ಎದೆಗೆ ಇಟ್ಟ ಸ್ಟೆತಸ್ಕೋಪಿನಲ್ಲಿ ನನಗೆ ಚೆನ್ನಾಗಿ ಕೇಳಿಸುವುದೂ ಆಗಲೇ.

ಚುಕ್ಕಿ ನಮ್ಮಲ್ಲಿಗೆ ಬಂದದ್ದು ಎರಡು ದಿನದ ಮಟ್ಟಿಗೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಒಬ್ಬರು, ನಮ್ಮ ಹಳೇ ಪೇಷಂಟು, ವರ್ಗವಾಗಿ ಹೊಸೂರಿಗೆ ಹೊರಟಿದ್ದರು. "ಮನೆ ಸಾಮಾನು ಸಾಗಿಸೋ ತನಕ ಇಟ್ಕೊಂಡಿರಿ ಮೇಡಂ, ಬುಧವಾರ ಬಂದು ಕರ್ಕೊಂಡೋಗ್ತೀನಿ" ಎಂದು ಒಂದು ಬುಟ್ಟಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟು ಹೋದರು. ಯಾವ ಬುಧವಾರ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬುಟ್ಟಿಯೊಳಗೆ ಬೊಗಸೆಯಷ್ಟು ಬಿಳೀ ಪಮೇರಿಯನ್ ಮರಿ. ಎಡಗಿವಿಯ ಮೇಲೆ ಮಾತ್ರ ಕಾಫಿ ಚೆಲ್ಲಿದ ಹಾಗೆ ಒಂದು ಕಲೆ. ಆ ಕಲೆಯಿಂದಲೇ ಅದು ಚುಕ್ಕಿಯಾಯಿತು.

ನಮ್ಮ ಮನೆಯವರು ಹೈಸ್ಕೂಲಿನ ಮೇಷ್ಟ್ರು. ಮನೆಗೆ ಬಂದವರೇ ಬುಟ್ಟಿಯತ್ತ ನೋಡಿ, "ಇದು ನಡುಮನೆ ದಾಟಿ ಒಳಗೆ ಬರಬಾರದು, ಈಗಲೇ ಹೇಳಿದೀನಿ" ಅಂತ ಕಟ್ಟಾಜ್ಞೆ ಹೊರಡಿಸಿದರು. ಚುಕ್ಕಿ ಅದನ್ನು ಬಾಲ ಅಲ್ಲಾಡಿಸುತ್ತ ಪೂರ್ತಿ ಕೇಳಿಸಿಕೊಂಡಿತು. ಧನುರ್ಮಾಸದ ಚಳಿ ಬರುವ ಹೊತ್ತಿಗೆ ಅದೇ ಮೇಷ್ಟ್ರು ತಮ್ಮ ಮಂಕಿ ಕ್ಯಾಪಿನ ತುದಿ ಕತ್ತರಿಸಿ, ಪಕ್ಕಕ್ಕೆ ಎರಡು ತೂತು ಮಾಡಿ, ಚುಕ್ಕಿಗೆ ಸ್ವೆಟರ್ ತಯಾರು ಮಾಡಿದರು. ತಾವು ಮಾತ್ರ ಆ ಚಳಿಗಾಲವನ್ನೆಲ್ಲ ಕಿವಿಗೆ ಟವಲ್ ಸುತ್ತಿಕೊಂಡು ಕಳೆದರು.

ನಾಯಿಯನ್ನು ಹೀಗೆ ಮುದ್ದು ಮಾಡುವುದು ನನಗೆ ರಕ್ತದಿಂದ ಬಂದದ್ದಲ್ಲ. ನಾನು ಹುಟ್ಟಿ ಬೆಳೆದದ್ದು ದೊಡ್ಡಬೆಳವಂಗಲದ ಕಡೆಯ ಹಳ್ಳಿಯಲ್ಲಿ, ರಾಗಿ ಹೊಲದ ಪಕ್ಕದ ಮನೆಯಲ್ಲಿ. ಅಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಹೊಸಲಿನಿಂದ ಒಳಗಡೆಯದು ನಮ್ಮದು, ಆಚೆಗಿನದು ಕರಿಯನದು. ಈ ಪಾಲುಪಟ್ಟಿಯ ಬಗ್ಗೆ ಎರಡೂ ಕಡೆಯವರಿಗೆ ತಕರಾರಿರಲಿಲ್ಲ. ಅಜ್ಜಿ ಮಿಕ್ಕ ಮುದ್ದೆಯನ್ನು ಅಂಗಳದ ಚಪ್ಪಡಿಯ ಮೇಲೆ ಹಾಕಿ "ತಿನ್ನಲಾ" ಅನ್ನೋರು. ಅದೇ ಅದಕ್ಕೆ ಸಿಕ್ಕ ಮುದ್ದು. ಸ್ನಾನ ಅಂದರೆ ಮಳೆ. ಅದಕ್ಕೆ ಕಾಯಿಲೆ ಬಂದದ್ದು ನನಗೆ ನೆನಪಿಲ್ಲ. ಬಂದಿದ್ದರೂ ಅದು ಯಾರಿಗೂ ಹೇಳಿರಲಾರದು. ಅಂಥ ಮನೆಯ ಮಗಳಾದ ನಾನು ಚುಕ್ಕಿಗೆ ಮೊಸರನ್ನಕ್ಕೆ ತುಪ್ಪ ಹಾಕಿ ಕಲಸಿ, ಬಿಸಿಯಿದೆಯೇನೋ ಎಂದು ನನ್ನ ತುಟಿಗೆ ತಾಗಿಸಿ ನೋಡಿ ತಿನ್ನಿಸುತ್ತಿದ್ದೆ. ಅಜ್ಜಿ ಇದ್ದಿದ್ದರೆ ಚಪ್ಪಡಿ ಕಲ್ಲಿನ ಮೇಲೆ ನನಗೇ ಊಟ ಹಾಕುತ್ತಿದ್ದರೇನೋ.

ಕ್ಲಿನಿಕ್ಕಿನಲ್ಲಿ ಕಾಯುವವರಿಗೆ ಎಂಟು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೇನೆ. ಅದರಲ್ಲಿ ತೂಕದ ಮಷೀನಿನ ಪಕ್ಕದ್ದನ್ನು ಚುಕ್ಕಿ ತನ್ನದು ಮಾಡಿಕೊಂಡಿತು. ನಾವೇನೂ ಕೊಟ್ಟದ್ದಲ್ಲ. ಒಂದು ದಿನ ಹತ್ತಿ ಮಲಗಿತು, ಮಾರನೇ ದಿನವೂ ಮಲಗಿತು, ಮೂರನೇ ದಿನ ಟೋಕನ್ ಕೊಡುವ ಸಿಸ್ಟರ್ ರತ್ನ ಅದರ ಮೇಲೊಂದು ಟವಲ್ ಹಾಸಿ ಪಕ್ಕಾ ಮಾಡಿದಳು. ಒಮ್ಮೆ ನೆಲಮಂಗಲದ ಗೋಡೌನಿಗೆ ಲೋಡು ಒಯ್ಯುತ್ತಿದ್ದ ಲಾರಿ ಡ್ರೈವರೊಬ್ಬ ಚಳಿಜ್ವರದಲ್ಲಿ ನಡುಗುತ್ತ ಬಂದ. ಏಳು ಕುರ್ಚಿಯೂ ಭರ್ತಿ. ಎಂಟನೆಯದರಲ್ಲಿ ಚುಕ್ಕಿ ಕಾಲು ಚಾಚಿ ನಿದ್ದೆ ಹೋಗಿದೆ. ರತ್ನ ಅದನ್ನು ಏಳಿಸಲು ಹೋದರೆ ಆ ಪುಣ್ಯಾತ್ಮನೇ ತಡೆದ. "ಮಲಗ್ಲಿ ಬಿಡಿ ಸಿಸ್ಟರ್, ಪಾಪ, ನಾನು ನಿಂತ್ಕೊಂಡೇ ಇರ್ತೀನಿ" ಎಂದು ಗೋಡೆಗೆ ಒರಗಿ ನಿಂತ. ನಾನು ಅವನನ್ನು ಒಳಗೆ ಕರೆಸಿ ನೋಡುವ ಹೊತ್ತಿಗೆ ಜ್ವರ ಇನ್ನೊಂದು ಡಿಗ್ರಿ ಏರಿತ್ತು.

ಇನ್ನು ಅದು ಮಾಡುತ್ತಿದ್ದ ಕೆಲಸದ ಬಗ್ಗೆ ಹೇಳಬೇಕು. ಜೊತೆಗೆ ಯಾರಾದರೂ ಬಂದಿದ್ದರೆ ಅಂಥ ಪೇಷಂಟಿನ ಕಡೆ ಚುಕ್ಕಿ ತಿರುಗಿಯೂ ನೋಡುತ್ತಿರಲಿಲ್ಲ. ಒಬ್ಬರೇ ಬಂದವರಿದ್ದರೆ ಕುರ್ಚಿಯಿಂದ ಇಳಿದು ಅವರ ಕಾಲ ಬಳಿ ಹೋಗಿ ಕೂತುಬಿಡುತ್ತಿತ್ತು. ಇದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಪಾಳಿ ಮುಗಿಸಿ ನೇರ ಬಂದ ಫ್ಯಾಕ್ಟರಿ ಹುಡುಗಿಯರು, ಬೆನ್ನು ಹಿಡಿದುಕೊಂಡು ಬರುವ ಮಗ್ಗದ ಯಜಮಾನರು, ಎಲ್ಲರೂ ಅದರ ತಲೆ ಸವರುತ್ತ ತಮ್ಮ ಸರದಿಯನ್ನೇ ಮರೆಯುತ್ತಿದ್ದರು. ಅದು ತೊಡೆಯ ಮೇಲಿದ್ದಾಗ ಬಿಪಿ ನೋಡಿದರೆ ಒಂದಿಷ್ಟು ಕಡಿಮೆಯೇ ಬರುತ್ತಿತ್ತು. ಕೆಲವರು ಅದನ್ನು ಪತ್ತೆ ಹಚ್ಚಿ, "ಚುಕ್ಕೀನ ಎತ್ಕೊಂಡೇ ಬರ್ತೀನಿ ಮೇಡಂ, ಆಮೇಲೆ ನೋಡಿ" ಎಂದು ಕಾಪಿ ಹೊಡೆಯುವ ಹುಡುಗರ ಹಾಗೆ ಒಳಗೆ ಬರುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ, ನನಗೆ ಸುಳ್ಳು ಹೇಳುವವರು ಚುಕ್ಕಿಗೆ ನಿಜ ಹೇಳುತ್ತಿದ್ದರು. ಇದರಲ್ಲಿ ಮೊದಲನೆಯವರು ಮುನಿಯಕ್ಕ.

ಮುನಿಯಕ್ಕ ನಮ್ಮ ಹಿಂದಿನ ಬೀದಿಯವರು. ಅರವತ್ತು ದಾಟಿದ ಗಟ್ಟಿಗಿತ್ತಿ. ಎರಡು ಸೀಮೆಹಸು ಕಟ್ಟಿಕೊಂಡು, ಎರಡೂ ಹೊತ್ತು ಡೇರಿಗೆ ಹಾಲು ಹಾಕುತ್ತ, ಮಗ ಸೊಸೆಯನ್ನೂ ಹಸುಗಳನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ಸಂಸಾರ ನಡೆಸುತ್ತಿದ್ದರು. ಅವರಿಗೆ ಶುಗರ್ ಇತ್ತು, ಅದೂ ಜೋರಾಗಿಯೇ. ಎಡಗಾಲಿನ ಹೆಬ್ಬೆರಳಲ್ಲಿ ಒಂದು ಗಾಯವಾಗಿ ತಿಂಗಳುಗಟ್ಟಲೆ ಮಾಯದೆ ನಿಂತಿತ್ತು. ಅವರು ಹೊರಗೆ ಕೂತು ಚುಕ್ಕಿಯ ಕಿವಿಯಲ್ಲಿ ಹೇಳುವುದು ರತ್ನನಿಗೆ ಕೇಳಿಸುತ್ತಿತ್ತು. "ನೆನ್ನೆ ಬೀಗರ ಮನ್ಯಾಗೆ ಎಲ್ಡು ಒಬ್ಬಟ್ಟು ತಿಂದ್ಬುಟ್ಟೆ ಕಣವ್ವ ಚುಕ್ಕವ್ವ. ತುಪ್ಪ ಬ್ಯಾರೆ ಹಾಕವ್ರೆ. ಬ್ಯಾಡ ಅನ್ನಕಾಯ್ತದಾ?" ಆಮೇಲೆ ಒಳಗೆ ಬಂದು ನನ್ನೆದುರು ಕೂತು, "ಸಿಹಿ ಮೂಸೂ ನೋಡಿಲ್ಲ ಡಾಕ್ಟ್ರಮ್ಮ, ಅದ್ಯಾಕೆ ಇಳೀವಲ್ದೋ" ಎಂದು ನಿಟ್ಟುಸಿರು ಬಿಡೋರು. ರತ್ನ ಬಾಗಿಲ ಹಿಂದಿನಿಂದ ನನಗೆ ಎರಡು ಬೆರಳು ತೋರಿಸೋಳು. "ಒಬ್ಬಟ್ಟು ಎರಡಾ, ಮೂರಾ ಮುನಿಯಕ್ಕ?" ಎಂದು ನಾನು ಕೇಳಿದರೆ ಅವರಿಗೆ ಆಶ್ಚರ್ಯ. ಮುಖ ನೋಡಿಯೇ ಹೇಳುವ ಡಾಕ್ಟರು ಎಂಬ ಹೆಸರು ನನಗೆ ಬಂದದ್ದು ಹೀಗೆ.

ಸಿಹಿ ಬಿಡಿ, ಬೇಕರಿ ಕಡೆ ಹೋಗಬೇಡಿ ಎಂದು ಶುಗರ್ ಇರುವವರಿಗೆಲ್ಲ ನಾನು ತಪ್ಪದೆ ಹೇಳುತ್ತೇನೆ. ಅವರು ಅರ್ಧ ಪಾಲಿಸುತ್ತಾರೆ. ಬೇಕರಿಗೆ ಹೋಗುತ್ತಾರೆ, ಬನ್ನೂ ತೆಗೆದುಕೊಳ್ಳುತ್ತಾರೆ, ನನ್ನ ಮಾತು ನೆನಪಾಗುತ್ತದೆ. ಕೈಗೆ ಬಂದ ಬನ್ನನ್ನು ಏನು ಮಾಡುವುದು? "ನನಗಂತೂ ತಿನ್ನೋ ಯೋಗ ಇಲ್ಲ, ಇದಾದ್ರೂ ತಿನ್ಲಿ" ಎಂದು ನಮ್ಮ ಚುಕ್ಕಿಗೆ ತಂದು ಹಾಕುತ್ತಾರೆ. ಬಾಯಿಗೆ ಹೋಗದ್ದು ಕಣ್ಣಿಗಾದರೂ ಹೋಗಲಿ ಎಂದೋ ಏನೋ, ಅದು ತಿನ್ನುವುದನ್ನೇ ನೋಡುತ್ತ ಕೂರುತ್ತಾರೆ. ನಾನು ಊರಿನ ಬಾಯಿಂದ ಬಿಡಿಸಿದ ಸಕ್ಕರೆಯೆಲ್ಲ ಹೀಗೆ ನನ್ನ ನಾಯಿಯ ಹೊಟ್ಟೆಗೆ ಸೇರುತ್ತಿತ್ತು. ಮುನಿಯಕ್ಕನಂತೂ ಡೇರಿಯಿಂದ ಬರುವಾಗ ದಿನಾ ಒಂದು ಬೆಣ್ಣೆ ಬನ್ನು ತರೋರು. ಹಿಂದೊಮ್ಮೆ ಮನೆಯಿಂದ ಮುದ್ದೆ ತಂದಿದ್ದರಂತೆ, ಚುಕ್ಕಿ ಮೂಸಿ ನೋಡಿ ಮುಖ ತಿರುಗಿಸಿತಂತೆ. "ಮುದ್ದೆ ತಿನ್ನದ ನಾಯಿ ನಮ್ಮ ಸೀಮೇಲಿ ಇದೇ ಮೊದ್ಲು" ಎಂದು ಬೈದು ಬನ್ನಿಗೆ ಇಳಿದಿದ್ದರು. ಚುಕ್ಕಿ ಉರುಟಾಯಿತು. ಕುರ್ಚಿಗೆ ಹಾರಲಾರದೆ ಮೊದಲು ತೂಕದ ಮಷೀನು ಹತ್ತಿ ಅಲ್ಲಿಂದ ಕುರ್ಚಿಗೆ ಏರತೊಡಗಿತು. ದಿನಕ್ಕೆ ಹತ್ತು ಸಲ ಮುಳ್ಳು ಅದರ ತೂಕ ತೋರಿಸುತ್ತಿತ್ತು. ನಾವು ನೋಡಿ ನಗುತ್ತಿದ್ದೆವು, ಅಷ್ಟೆ.

ಮುನಿಯಕ್ಕನ ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ಮಾತ್ರೆಗೆ ಶುಗರ್ ಬಗ್ಗುತ್ತಿರಲಿಲ್ಲ, ಗಾಯ ಕಪ್ಪಾಗುತ್ತಿತ್ತು. ಇನ್ಸುಲಿನ್ ಶುರು ಮಾಡದಿದ್ದರೆ ಬೆರಳು ಹೋಗುತ್ತದೆ, ಆಮೇಲೆ ಪಾದವೂ ಹೋದೀತು ಎಂದು ಬಾಯಿಬಿಟ್ಟು ಹೇಳಿದ್ದೆ. ಚೀಟಿ ಬರೆದುಕೊಟ್ಟು ಆರು ತಿಂಗಳಾಗಿತ್ತು. ಅವರು ಅದನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರು.

"ಸೂಜಿ ಮಾತು ಒಂದು ಬ್ಯಾಡಿ ಡಾಕ್ಟ್ರಮ್ಮ. ನಮ್ಮಣ್ಣಂಗೆ ಸೂಜಿ ಸುರು ಮಾಡಿದ್ರು, ಆಮ್ಯಾಕೆ ಕಾಲು ತೆಗುದ್ರು, ಆಮ್ಯಾಕೆ ಅವನೂ ಹೋದ. ಸೂಜಿಗೆ ಬಂತು ಅಂದ್ರೆ ಮುಗೀತು ಅಂತಲೇ ಲೆಕ್ಕ."

"ಸೂಜಿಯಿಂದ ಹೋಗ್ಲಿಲ್ಲ ಮುನಿಯಕ್ಕ, ಸೂಜಿ ತಡವಾಗಿದ್ದಕ್ಕೆ ಹೋದ್ರು. ನೋವೇ ಆಗಲ್ಲ, ಸೊಳ್ಳೆ ಕಚ್ಚಿದಂಗೆ, ಅಷ್ಟೇ."

"ಸೊಳ್ಳೆ ಕಚ್ಚಿದ್ರೆ ಹೊಡ್ದು ಸಾಯಿಸ್ಬೋದು" ಎಂದು ಅವರು ಎದ್ದು ಹೋಗುತ್ತಿದ್ದರು.

ಅವರಿಗೆ ಧೈರ್ಯ ಹೇಳುವ ಯೋಗ್ಯತೆ ನನಗೆಷ್ಟಿತ್ತು ಎಂಬುದು ಬೇರೆ ಮಾತು. ಚಿಕ್ಕವಳಿದ್ದಾಗ ಶಾಲೆಗೆ ಸೂಜಿ ಹಾಕುವವರು ಬಂದರೆ ನಾನು ಮನೆಗೆ ಓಡಿ ರಾಗಿ ಮೂಟೆಗಳ ಹಿಂದೆ ಅಡಗುತ್ತಿದ್ದೆ. ಒಂದು ಸಲ ಹೀಗೆ ಅಡಗಿದವಳು ಅಲ್ಲೇ ನಿದ್ದೆ ಹೋದೆ. ಎಲ್ಲರೂ ಊರೆಲ್ಲ ಹುಡುಕಿ, ಬಾವಿಗೂ ಇಣುಕಿ ನೋಡಿದ ಮೇಲೆ, ಕೊನೆಗೆ ಕರಿಯ ಮೂಟೆಗಳ ಕಡೆ ತಿರುಗಿ ಬೊಗಳಿ ನನ್ನನ್ನು ಹಿಡಿದುಕೊಟ್ಟಿತು. ಅದು ಹೊಸಲು ದಾಟಿ ಒಳಗೆ ಬಂದದ್ದು ಅದೊಂದೇ ಸಲ. ಅವತ್ತು ಪೆಟ್ಟು ಬಿದ್ದದ್ದು ನನಗೆ. ಕರಿಯನಿಗೆ ಒಂದಿಡೀ ಬಿಸಿ ಮುದ್ದೆ.

ಆ ವರ್ಷ ಚುಕ್ಕಿ ಎಲ್ಲೆಂದರಲ್ಲಿ ಉಚ್ಚೆ ಹೊಯ್ಯಲು ಶುರು ಮಾಡಿತು. ಐದು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದ್ದಲ್ಲ. ಬಟ್ಟಲು ನೀರಿಟ್ಟರೆ ಒಂದೇ ಉಸಿರಿಗೆ ಕುಡಿದು ಇನ್ನೊಂದಕ್ಕೆ ಕಾಯುತ್ತಿತ್ತು. ತಿಂದಷ್ಟೂ ತಿನ್ನುತ್ತಿತ್ತು, ಆದರೂ ಬೆನ್ನ ಮೂಳೆ ಕೈಗೆ ಸಿಗತೊಡಗಿತು. ಬೊಜ್ಜು ಕರಗಿ ಮೈ ಇಳಿಯುತ್ತಿದೆ ಎಂದು ನಾನು ಖುಷಿಪಟ್ಟೆ. ಉಚ್ಚೆಗೆ ಮಾತ್ರ ಬೈದೆ. ಮುದ್ದು ಹೆಚ್ಚಾಗಿ ಕೊಬ್ಬು ಬಂದಿದೆ ಎಂದು ಕಿವಿ ಹಿಂಡಿ ಹೊರಗೆ ಹೊಂಗೆ ಮರದ ಬುಡಕ್ಕೆ ಬಿಟ್ಟು ಬರುತ್ತಿದ್ದೆ. ಹೊರಗೆ ಹೀಗೆ ಬೈದು, ಒಳಗೆ ಬಂದು ಕುರ್ಚಿಯಲ್ಲಿ ಕೂತು ಎದುರಿಗಿರುವ ಮನುಷ್ಯನನ್ನು ಕೇಳುತ್ತಿದ್ದೆ: "ಬಾಯಾರಿಕೆ ಜಾಸ್ತಿನಾ? ಪದೇ ಪದೇ ಮೂತ್ರಕ್ಕೆ ಹೋಗ್ತೀರಾ? ತಿಂದ್ರೂ ಮೈ ಇಳೀತಿದೆಯಾ?" ದಿನಕ್ಕೆ ಹತ್ತಾರು ಜನರನ್ನು ಕೇಳುತ್ತಿದ್ದ ಪ್ರಶ್ನೆ. ಒಂದು ದಿನವೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಮುನಿಯಕ್ಕನಿಗೆ. ಒಂದು ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದುಕೊಂಡು ಹೊಂಗೆ ಮರದ ಹತ್ತಿರ ಬಗ್ಗಿ ನಿಂತಿದ್ದರು. "ಇಲ್ಲಿ ಬರ್ರವ್ವ ಒಸಿ" ಎಂದು ಕರೆದರು. ಹೋಗಿ ನೋಡಿದರೆ ಚುಕ್ಕಿ ಆಗಷ್ಟೇ ಉಚ್ಚೆ ಹೊಯ್ದ ಜಾಗಕ್ಕೆ ಇರುವೆಗಳು ಸಾಲುಗಟ್ಟಿ ಬರುತ್ತಿವೆ.

"ನಂಗೂ ಹಿಂಗೇ ಆಗಿದ್ದು. ಬಚ್ಚಲ್ತಾವ ಇರುವೆ ಮುತ್ತೋವು. ಅದನ್ನ ಕಂಡೇ ಅಲ್ವ ನಿಮ್ತಾವ ಬಂದಿದ್ದು ನಾನು. ಇದುಕ್ಕೂ ಸಕ್ಕರೆ ಕಾಯ್ಲೆ ಕಣವ್ವ."

"ನಾಯಿಗೆಲ್ಲ ಎಲ್ಲಿ ಬರುತ್ತೆ, ಸುಮ್ನಿರಿ ಮುನಿಯಕ್ಕ" ಅಂದೆ. ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಂದ ಮಾತು ಬಾಯಿಂದ ಬೀಳುವಷ್ಟರಲ್ಲೇ ಚುಕ್ಕಿಯತ್ತ ಬಗ್ಗಿದೆ. ಒಳಗೆ ಎತ್ತಿಕೊಂಡು ಹೋಗಿ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಾಕಿದೆ. ಮೀಟರು ಅಂಕಿಯನ್ನೇ ತೋರಿಸಲಿಲ್ಲ. ತನ್ನ ಅಳತೆ ಮೀರಿದೆ ಎಂದು ಕೈಚೆಲ್ಲಿತು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಾಗೆ ಬಿತ್ತಂತೆ" ಅಂದರು ಮುನಿಯಕ್ಕ. ನಾನು ಪಶುವೈದ್ಯರಿಗೆ ಫೋನು ಮಾಡಿದೆ.

ಪಶುವೈದ್ಯರು ಒಳ್ಳೆಯವರು, ಬೈಯಲಿಲ್ಲ. "ಬನ್ನೊಂದರಿಂದಲೇ ಬಂತು ಅನ್ನಕ್ಕಾಗಲ್ಲ ಮೇಡಂ. ಆದ್ರೆ ಈ ಬೆಣ್ಣೆ, ಈ ಬೊಜ್ಜು, ಒಳಗೆ ಪೆಟ್ಟು ಬಿದ್ದಿದೆ. ಇನ್ಮೇಲೆ ದಿನಾ ಎರಡು ಹೊತ್ತು ಇನ್ಸುಲಿನ್. ನಿಮಗೇನು ಹೇಳಿಕೊಡಬೇಕಾ?" ಎಂದು ನಕ್ಕರು. ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಹಿಡಿದು ಚುಚ್ಚುವುದು ಹೇಗೆಂದು ಒಂದು ಸಲ ತಾವೇ ಮಾಡಿ ತೋರಿಸಿದರು.

ಮಾರನೇ ದಿನ ಬೆಳಿಗ್ಗೆ ಏಳೂವರೆಗೆ, ಕ್ಲಿನಿಕ್ಕು ತೆರೆಯುವ ಮುಂಚೆ, ಚುಕ್ಕಿಗೆ ಊಟ ಹಾಕಿ, ಸಿರಿಂಜಿಗೆ ಔಷಧಿ ತುಂಬಿ, ಅದರ ಕುರ್ಚಿಯ ಮುಂದೆ ಮಂಡಿಯೂರಿ ಕೂತೆ. ಅದು ನನ್ನ ಮುಖವನ್ನೇ ನೋಡುತ್ತಿತ್ತು. ಎಷ್ಟು ಸಾವಿರ ಸೂಜಿ ಹಾಕಿದ್ದೇನೋ, ಆ ಒಂದನ್ನು ಹಾಕಲಾಗಲಿಲ್ಲ. ಮೂರು ಸಲ ಹತ್ತಿರ ತಂದು ಮೂರು ಸಲವೂ ಹಿಂದಕ್ಕೆ ತೆಗೆದೆ. ಮನೆಯವರನ್ನು ಕರೆದರೆ "ಪಾಠಕ್ಕೆ ಹೊತ್ತಾಯ್ತು" ಎಂದು ತಿಂಡಿ ಬಿಟ್ಟು ಸ್ಕೂಟರ್ ಹತ್ತಿದರು. ರತ್ನ "ನಾನೊಲ್ಲೆ ಮೇಡಂ, ನಂಗೆ ಅಳು ಬರುತ್ತೆ" ಎಂದು ಟೋಕನ್ ಡಬ್ಬಿಯ ಹಿಂದೆ ಕೂತಳು. ರಾಗಿ ಮೂಟೆಗಳಿದ್ದಿದ್ದರೆ ನಾನೂ ಹೋಗಿ ಅಡಗುತ್ತಿದ್ದೆ.

ಆಗ ಬಾಗಿಲಲ್ಲಿ ಮುನಿಯಕ್ಕ ಕಾಣಿಸಿಕೊಂಡರು. ಒಂದು ಕೈಯಲ್ಲಿ ಖಾಲಿ ಕ್ಯಾನು. ಇನ್ನೊಂದು ಕೈಯಲ್ಲಿ ಅವತ್ತು ಬನ್ನಿರಲಿಲ್ಲ.

"ಸೊಳ್ಳೆ ಕಚ್ಚಿದಂಗೆ ಅಷ್ಟೇಯ ಕಣವ್ವ ಡಾಕ್ಟ್ರಮ್ಮ" ಅಂದರು.

ನನಗೆ ರೇಗಿತು. "ಹೇಳೋದು ಸುಲಭ ಮುನಿಯಕ್ಕ. ಕಾಲು ಕೊಳೀತಿದ್ರೂ ನೀವು ಸೂಜಿ ಅಂದ್ರೆ ಎದ್ದು ಓಡ್ತೀರ. ನಿಮಗೇನು ಗೊತ್ತು?"

ಅವರು ಕ್ಯಾನು ಕೆಳಗಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತು, ಚುಕ್ಕಿಯನ್ನು ತೊಡೆಗೆ ಎತ್ತಿಕೊಂಡು, ಕರುವನ್ನು ಹಿಡಿಯುವ ಹಾಗೆ ಎರಡೂ ತೋಳಿನಿಂದ ಬಳಸಿ ಹಿಡಿದರು. "ಈಗ ಹಾಕಿ" ಅಂದರು. ನಾನು ಕಣ್ಣು ಅರೆಮುಚ್ಚಿಕೊಂಡೇ ಹಾಕಿದೆ. ಚುಕ್ಕಿಗೆ ಗೊತ್ತೇ ಆಗಲಿಲ್ಲ. ಅದು ಅವರ ಬೆರಳಿಗೆ ಅಂಟಿದ ಹಾಲು ನೆಕ್ಕುತ್ತಿತ್ತು.

"ಇಷ್ಟೇಯಾ?" ಎಂದು ಕೇಳಿದರು ಮುನಿಯಕ್ಕ.

"ಇಷ್ಟೇ."

"ಕುಂಯ್ ಅನ್ಲಿಲ್ವಲ್ಲ." ಬಹಳ ಹೊತ್ತು ಅದರ ಬೆನ್ನು ಸವರುತ್ತ ಕೂತರು. ಆಮೇಲೆ ಎಲೆಅಡಿಕೆ ಚೀಲ ಬಿಚ್ಚಿ, ಮಡಿಕೆ ಮಡಿಕೆಯಾಗಿದ್ದ ನನ್ನ ಚೀಟಿಯನ್ನು ತೆಗೆದು ರತ್ನನ ಕೈಗೆ ಕೊಟ್ಟರು. "ನಾನು ತಿನ್ಸಿದ್ಕೆ ಅದು ಚುಚ್ಚಿಸ್ಕತಾ ಐತೆ. ನಾನು ತಿಂದಿದ್ಕೆ ನಾನು ಚುಚ್ಚಿಸ್ಕಳಕ್ಕಿಲ್ಲ ಅಂದ್ರೆ ಅದ್ಯಾವ ನ್ಯಾಯ? ನಂಗೂ ಹಾಕಿ. ಆದ್ರೆ ಒಂದು ಮಾತು. ದಿನಾ ಮೊದ್ಲು ಅದುಕ್ಕೆ, ಆಮ್ಯಾಕೆ ನಂಗೆ. ಅದು ಎಲ್ಲೀಗಂಟ ಹಾಕಿಸ್ಕತದೋ ಅಲ್ಲೀಗಂಟ ನಾನೂ ಹಾಕಿಸ್ಕತೀನಿ."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಅವರು ಸೂಜಿಗೆ ಹೂಂ ಅಂದದ್ದೇ ನನಗೆ ಸಾಕಾಗಿತ್ತು.

ಅಂದಿನಿಂದ ದಿನಾ ಏಳೂವರೆಗೆ ನಮ್ಮ ಕ್ಲಿನಿಕ್ಕಿನಲ್ಲಿ ಇಬ್ಬರು ಪೇಷಂಟುಗಳು. ಸಂಜೆಯ ಸೂಜಿ ಚುಕ್ಕಿಗೆ ಮಾತ್ರ, ಅದನ್ನು ನಾನೊಬ್ಬಳೇ ಹಾಕಲು ಕಲಿತೆ. ಚುಕ್ಕಿಯ ಔಷಧಿ, ಸಿರಿಂಜು ಬೇರೆ; ಮುನಿಯಕ್ಕನದು ಬೇರೆ. ಎರಡೂ ಬಾಟಲಿ ನಮ್ಮ ಫ್ರಿಜ್ಜಿನಲ್ಲಿ ಉಪ್ಪಿನಕಾಯಿಯ ಎಡಬಲಕ್ಕೆ ಇರುತ್ತಿದ್ದವು. ಅವರು ಚುಕ್ಕಿಯನ್ನು ಹಿಡಿದುಕೊಳ್ಳೋರು, ನಾನು ಹಾಕುತ್ತಿದ್ದೆ. ಆಮೇಲೆ ಚುಕ್ಕಿ ಅವರ ತೊಡೆಯ ಮೇಲಿರುತ್ತಿತ್ತು, ನಾನು ಅವರಿಗೆ ಹಾಕುತ್ತಿದ್ದೆ. ಮನೆಯಲ್ಲೇ ಹಾಕಿಕೊಳ್ಳುವುದನ್ನು ಕಲಿಸುತ್ತೇನೆಂದರೆ ಅವರು ಸುತಾರಾಂ ಒಪ್ಪಲಿಲ್ಲ. ಭಾನುವಾರ ಬಂದರು, ಹಬ್ಬಕ್ಕೆ ಬಂದರು, ಮೊಮ್ಮಗನ ನಾಮಕರಣದ ದಿನ ರೇಷ್ಮೆ ಸೀರೆಯಲ್ಲೂ ಬಂದರು. ಸಂಕ್ರಾಂತಿಯಲ್ಲಿ ಕಪ್ಪಗಿದ್ದ ಹೆಬ್ಬೆರಳು ಯುಗಾದಿಯ ಹೊತ್ತಿಗೆ ಕೆಂಪಾಗಿ, ಮುಂದಿನ ಮಳೆಗಾಲಕ್ಕೆ ಮುಚ್ಚಿಕೊಂಡಿತು. ಬನ್ನು ನಿಂತಿತು. ರತ್ನ ಗೋಡೆಗೆ ಒಂದು ಬೋರ್ಡು ಬರೆದು ಹಾಕಿದಳು: ನಾಯಿಗೆ ಶುಗರ್ ಇದೆ, ಏನೂ ಹಾಕಬೇಡಿ. ಅದನ್ನು ಓದಿದ ಪೇಷಂಟುಗಳು ಚುಕ್ಕಿಯನ್ನು ತಮ್ಮವರಂತೆ ನೋಡತೊಡಗಿದರು. "ಊಟಕ್ಕೆ ಮುಂಚೆ ಎಷ್ಟು, ಊಟ ಆದ್ಮೇಲೆ ಎಷ್ಟು?" ಎಂದು ವಿಚಾರಿಸುತ್ತಿದ್ದರು.

ನಾಯಿಗಳಿಗೆ ಈ ಕಾಯಿಲೆಯಲ್ಲಿ ಕಣ್ಣು ಬೇಗ ಹೋಗುತ್ತದೆ. ಚುಕ್ಕಿಯ ಕಣ್ಣೂ ಹಾಲಿನ ಬಣ್ಣಕ್ಕೆ ತಿರುಗಿತು. ಮೊದಲೆಲ್ಲ ಯಾರಾದರೂ ಕೂರಲು ಬಂದರೆ ಸರಿಯುತ್ತಿದ್ದ ನಾಯಿಗೆ ಈಗ ಯಾರು ಬಂದದ್ದೂ ಕಾಣದು. ತನ್ನ ಕುರ್ಚಿ ತಪ್ಪಿ ಸಿಕ್ಕಿದ ಕುರ್ಚಿಯಲ್ಲಿ ಮಲಗಿಬಿಡುತ್ತಿತ್ತು. ಒಂದು ಮಧ್ಯಾಹ್ನ ನಾನು ಫೋನಿನಲ್ಲಿ ಮಾತಾಡುತ್ತ ಊಟದ ಮೇಜಿನ ಕುರ್ಚಿಗೆ ಕುಸಿಯುವವಳಿದ್ದೆ, ಮನೆಯವರು ಕೂಗಿಕೊಂಡು ನನ್ನ ರಟ್ಟೆ ಹಿಡಿದೆಳೆದರು. ಕುರ್ಚಿ ತಡವುವ ಅಭ್ಯಾಸ ಅಂಟಿಕೊಂಡದ್ದು ಆ ದಿನದಿಂದ.

ಎರಡು ವರ್ಷ ಹೀಗೆ ನಡೆಯಿತು. ಒಂದು ಭಾನುವಾರ ಮಧ್ಯಾಹ್ನ ಚುಕ್ಕಿ ತನ್ನ ಕುರ್ಚಿಯಲ್ಲೇ, ಟವಲ್ಲಿನ ಮೇಲೆ, ನಿದ್ದೆಯಲ್ಲೇ ಹೋಯಿತು. ನಮ್ಮ ಮನೆಯವರು ಹೊಂಗೆ ಮರದ ಬುಡದಲ್ಲಿ ತಾವೇ ಗುಂಡಿ ತೋಡಿ, ಆ ಹಳೇ ಮಂಕಿ ಕ್ಯಾಪನ್ನು ಅದರ ಜೊತೆಗಿಟ್ಟು ಮಣ್ಣು ಎಳೆದರು. ಆಮೇಲೆ ಕೈ ತೊಳೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಅತ್ತೆ. ನಾಯಿಗೆ ಇಷ್ಟೊಂದು ಅಳುವುದಾ ಅನ್ನುವವರು ಅನ್ನಲಿ.

ಅತ್ತು ಮುಗಿದ ಮೇಲೆ ಭಯ ಶುರುವಾಯಿತು. ಅದು ಎಲ್ಲಿಯ ತನಕವೋ ನಾನೂ ಅಲ್ಲಿಯ ತನಕ. ಮುನಿಯಕ್ಕ ಆಡಿದ ಮಾತಿಗೆ ತಪ್ಪುವವರಲ್ಲ. ಆ ಕಾಲು, ಎರಡು ವರ್ಷ ಕಾದು ಉಳಿಸಿಕೊಂಡ ಆ ಬೆರಳು, ಎಲ್ಲ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತಿಗೆ ಹೂಂ ಅಂದವಳು ನಾನೇ.

ಸೋಮವಾರ ಏಳೂವರೆಗೆ ಅವರು ಬಂದರು. ಹೇಳಿದೆ. ಅವರು ಖಾಲಿ ಕುರ್ಚಿಯನ್ನು ನೋಡಿ, ಅದರ ಪಕ್ಕದ್ದರಲ್ಲಿ ಕೂತು, ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನು ಅವರ ಸಿರಿಂಜು ತುಂಬಿ ತಂದೆ. ಅವರು ಕೂತೇ ಇದ್ದರು. ನಾನು ನಿಂತೇ ಇದ್ದೆ.

"ಹಾಕ್ಲಾ ಮುನಿಯಕ್ಕ?"

"ಮೊದ್ಲು ಅದುದ್ದಾಗ್ಲಿ ಅಂತ ಕಾಯ್ತಾ ಕುಂತಿದ್ದೆ. ಮರ್ತೇ ಹೋಯ್ತು ನೋಡಿ" ಎಂದು ಎದ್ದರು. "ಇವತ್ತು ಬ್ಯಾಡ ಬುಡಿ" ಎಂದು ಕ್ಯಾನು ತೆಗೆದುಕೊಂಡು ಹೋಗೇಬಿಟ್ಟರು. ಕೂಗಿದೆ, ತಿರುಗಲಿಲ್ಲ.

ಮಂಗಳವಾರ ಬರಲಿಲ್ಲ. ಎಂಟಕ್ಕೆ ರತ್ನನನ್ನು ಕಳಿಸಿದೆ. "ಹಸಿನ ಹತ್ರ ಇದ್ರು ಮೇಡಂ. ನಾಳೆ ಬತ್ತೀನಿ ಅನ್ನು ಅಂದ್ರು, ಮುಖ ಕೊಟ್ಟು ಮಾತಾಡ್ಲಿಲ್ಲ" ಎಂದಳು. ಅವತ್ತು ಬಂದ ಪೇಷಂಟುಗಳಿಗೆಲ್ಲ ನಾನು ಸುಮ್ಮಸುಮ್ಮನೆ ರೇಗಿದೆ.

ಬುಧವಾರ ಏಳೂವರೆಗೆ ಗೇಟಿನ ಸದ್ದಾಯಿತು. ಮುನಿಯಕ್ಕ ತಲೆಗೆ ಸ್ನಾನ ಮಾಡಿದ್ದರು. ಕೈಯಲ್ಲಿ ಒಂದು ಬಾಳೆಲೆ ತುಂಡು, ಒಂದು ಲೋಟ ಹಾಲು, ಬೇಕರಿಯ ಪೊಟ್ಟಣ. ಕ್ಲಿನಿಕ್ಕಿನ ಕಡೆ ನೋಡದೆ ನೇರ ಹೊಂಗೆ ಮರದ ಹತ್ತಿರ ಹೋದರು.

"ಮೂರು ದಿನ ಆಯ್ತಲ್ವೇನವ್ವ. ಹಾಲು ತುಪ್ಪ ಬುಡ್ಬೇಕಲ್ಲ" ಅಂದರು. "ಅದಾಗೋಗಂಟ ಸೂತಕ. ಸೂತಕದಾಗೆ ನಂಗ್ಯಾಕೆ ಸೂಜಿ ಅಂತ ಎಲ್ಡು ದಿನ ಹಾಕಿಸ್ಕಳ್ಳಿಲ್ಲ."

ಇನ್ಸುಲಿನ್ನಿಗೆ ಸೂತಕ ಇಲ್ಲ ಎಂದು ಬೈಯಬೇಕಿತ್ತು. ಬದಲಿಗೆ ಅವರ ಪಕ್ಕ ಹೋಗಿ ನಿಂತೆ. ಅವರು ಮಣ್ಣಿನ ಮೇಲೆ ಹಾಲು ಬಿಟ್ಟು, ಎಲೆ ಹಾಸಿ, ಪೊಟ್ಟಣ ಬಿಚ್ಚಿ ಬೆಣ್ಣೆ ಬನ್ನು ಇಟ್ಟರು. ನಾನು ಬನ್ನನ್ನೇ ನೋಡುತ್ತಿರುವುದು ಅವರಿಗೆ ಕಂಡಿತು.

"ತಿನ್ಲಿ ಬುಡಿ ಡಾಕ್ಟ್ರಮ್ಮ. ಎಲ್ಡು ವರ್ಸ ಬಾಯಿ ಕಟ್ಟಿತ್ತು ಪಾಪ. ಈಗ ಇನ್ನೆಲ್ಲಿ ಸಕ್ಕರೆ ಕಾಯ್ಲೆ?"

ಎಡೆ ಇಟ್ಟರೆ ಕಾಗೆ ಬರಬೇಕು. ನಾವು ಕಾಗೆಗೆ ಕಾಯುತ್ತ ಸ್ವಲ್ಪ ಹೊತ್ತು ನಿಂತೆವು. ಮೊದಲು ಬಂದದ್ದು ಇರುವೆ. ಒಂದು, ಎರಡು, ಆಮೇಲೆ ಸಾಲು. "ಬಂದ್ವು ನೋಡಿ" ಎಂದು ಮುನಿಯಕ್ಕ ಅಳುತ್ತಲೇ ನಕ್ಕರು.

ನಾನು ಧೈರ್ಯ ಮಾಡಿ ಕೇಳಿದೆ. "ಮುನಿಯಕ್ಕ, ನೀವು ಅವತ್ತು ಒಂದು ಮಾತು ಹೇಳಿದ್ರಿ. ಅದು ಎಲ್ಲೀವರೆಗೋ ಅಲ್ಲೀವರೆಗೆ ಅಂತ."

"ಅಂದಿದ್ದೆ. ಅದುಕ್ಕೇನೀಗ? ಅದು ಸಾಯೋಗಂಟ ಹಾಕಿಸ್ಕತ್ತು. ನಾನೂ ಸಾಯೋಗಂಟ ಹಾಕಿಸ್ಕತೀನಿ. ನಡೀರಿ, ಹಸಿಗೆ ಮೇವಾಕೋ ಹೊತ್ತಾಯ್ತು."

ಒಳಗೆ ಬಂದೆವು. ಎಂಟು ಕುರ್ಚಿಯೂ ಖಾಲಿಯಿದ್ದವು. ನಾನು ಫ್ರಿಜ್ಜಿನಿಂದ ಬಾಟಲಿ ತರುವ ಹೊತ್ತಿಗೆ ಮುನಿಯಕ್ಕ ತೂಕದ ಮಷೀನಿನ ಪಕ್ಕದ ಕುರ್ಚಿಯ ಮುಂದೆ ನಿಂತಿದ್ದರು. ಸೆರಗು ಸರಿಮಾಡಿಕೊಂಡು, ಕೈ ಹಿಂದಕ್ಕೆ ಚಾಚಿ, ಕುರ್ಚಿಯನ್ನೊಮ್ಮೆ ತಡವಿ ನೋಡಿ, ಆಮೇಲೆ ಕೂತರು.